ಕೊಟ್ಟಿಗೆಯ ದೀಪದ ಗೆರೆ

ಚಳಿ ಕಳೆದಿತ್ತು, ಬಿಸಿಲು ಇನ್ನೂ ಸುಡುವಷ್ಟು ಬಲಿತಿರಲಿಲ್ಲ. ಚಳಿಗಾಲವಿಡೀ ಬೆಳೆದ ಉಣ್ಣೆ ಕುರಿಗಳಿಗೇ ಭಾರವಾಗಿ, ನೆರಳು ಕಂಡಲ್ಲಿ ಅವು ಏದುಸಿರು ಬಿಡುತ್ತ ನಿಂತುಬಿಡುತ್ತಿದ್ದವು. ಇಂಥ ದಿನಗಳಲ್ಲೇ ಉಣ್ಣೆ ತೆಗೆದುಬಿಡಬೇಕು. ತಡ ಮಾಡಿದರೆ ಬೆವರಿಗೆ ನೊಣ ಮುತ್ತಿ ಹುಳ ಬೀಳುತ್ತದೆ. ಬೆಟ್ಟದ ಬುಡದ ಕುರಿದೊಡ್ಡಿಯಲ್ಲಿ ಬೆಳಗಿನಿಂದ ಅದೇ ಕೆಲಸ. ಅಣ್ಣ ನೆಲಕ್ಕೆ ಗೋಣಿ ಹಾಸಿ, ಕುರಿಯನ್ನು ಮಗುಚಿ ಕೂರಿಸಿ, ಅದರ ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು ಹೊಟ್ಟೆಯ ಕಡೆಯಿಂದ ಕತ್ತರಿ ಆಡಿಸುತ್ತಿದ್ದ. ಅತ್ತಿಗೆ, ಕತ್ತರಿಸಿ ಬಂದ ಉಣ್ಣೆಯಲ್ಲಿ ಹಿಕ್ಕೆ ಅಂಟಿದ್ದನ್ನು ಕಿತ್ತು ಒಂದು ಕಡೆ, ಬೆನ್ನಿನ ಒಳ್ಳೆಯದನ್ನು ಇನ್ನೊಂದು ಕಡೆ ಗುಡ್ಡೆ ಹಾಕುತ್ತಿದ್ದಳು.

ತಂಗಿ ಬೆಟ್ಟದ ಕಾಲುದಾರಿಯಲ್ಲಿ ಇಳಿದು ಬಂದು ದೊಡ್ಡಿಯ ಗೇಟಿನ ಹೊರಗೆ ನಿಂತಳು. ಆ ಗೇಟಿನ ಮೇಲೆ ಕುದುರೆ ಸವಾರಿ ಆಡುತ್ತ ಬೆಳೆದವಳು ಅವಳು. ಈಗ ಅದನ್ನು ತೆಗೆಯಲೋ ಬೇಡವೋ ಎಂದು ಅನುಮಾನಿಸಿದಳು.

ಅಣ್ಣ ತಲೆ ಎತ್ತಲಿಲ್ಲ. ಕುರಿಗೆ ಹೇಳುವವನಂತೆ ಹೇಳಿದ: "ನೋಡೇ, ಗೂಬೆ ಹಗಲು ಹೊತ್ತಲ್ಲಿ ಹೊರಗೆ ಬಿದ್ದಿದೆ. ಎಲ್ಲೋ ಮನೆ ಮುರಿದಿರಬೇಕು."

ಗೂಬೆ ಎನ್ನುವುದು ಅವಳಿಗೆ ಚಿಕ್ಕಂದಿನಿಂದ ಅವನೇ ಇಟ್ಟ ಹೆಸರು. ಆಗ ಅದರಲ್ಲಿ ಮುದ್ದಿತ್ತು. ರಾತ್ರಿ ಮಲಗದೆ ಕೊಟ್ಟಿಗೆಯ ಮಾಡಿನ ಮೇಲೆ ಹತ್ತಿ ಕೂರುತ್ತಿದ್ದಳು ಅಂತ. ಓದು ಮುಗಿಸಿ, ಅವರ ದೊಡ್ಡಿಯ ನೆತ್ತಿಯ ಮೇಲೇ ಇರುವ ದೂರದರ್ಶಕದ ಕೇಂದ್ರಕ್ಕೆ ವಿಜ್ಞಾನಿಯಾಗಿ ಬಂದು ಸೇರಿದ ಮೇಲೂ ಸ್ವಲ್ಪ ದಿನ ಮುದ್ದು ಇತ್ತು. ಈಗ ಹೆಸರು ಮಾತ್ರ ಉಳಿದಿತ್ತು.

"ಬಂದವಳನ್ನ ಗೇಟಲ್ಲೇ ನಿಲ್ಲಿಸ್ತೀರಾ?" ಎಂದಳು ಅತ್ತಿಗೆ. ಅದರಲ್ಲಿ ಕರೆಯುವ ಧ್ವನಿಯೇನೂ ಇರಲಿಲ್ಲ. ಗೇಟಲ್ಲಿ ಆಳು ನಿಂತರೆ ಕುರಿ ಬೆದರುತ್ತವೆ, ಅಷ್ಟೇ.

"ಅಣ್ಣ, ಒಂದು ಮಾತು ಕೇಳ್ಬೇಕಿತ್ತು."

"ಕೈ ಖಾಲಿ ಇರೋರ ಜೊತೆ ನಾನು ಮಾತಾಡಲ್ಲ. ಅಗೋ ಆ ಬೋಳುಮುಖದ್ದನ್ನ ಹಿಡ್ಕೊಂಡು ಬಾ. ಮರೆತಿಲ್ಲ ತಾನೇ? ಇಲ್ಲ ಅದನ್ನೂ ದುರ್ಬೀನು ಹಾಕಿ ನೋಡ್ಬೇಕಾ?"

ಅವಳು ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಗದ್ದದ ಕೆಳಗೆ ಒಂದು ಕೈ, ತೊಡೆಯ ಹತ್ತಿರ ಒಂದು ಕೈ. ಮೈ ಮರೆತಿರಲಿಲ್ಲ. ಕುರಿಯನ್ನು ಎಳೆದು ತಂದು ಮಗುಚಿದಳು. ಅಣ್ಣ ಅದರ ಹೊಟ್ಟೆಗೆ ಕತ್ತರಿ ಹಾಕಿದ.

ಅವಳು ಬಂದದ್ದು ಹೀಗೆ. ಈ ಚಳಿಗಾಲದ ಕೊನೆಯಲ್ಲಿ ಅವಳೊಂದು ಕುಬ್ಜ ಗೆಲಾಕ್ಸಿಯನ್ನು ನೋಡಿದ್ದಳು. ನಮ್ಮ ಆಕಾಶಗಂಗೆ ದೊಡ್ಡ ಪಟ್ಟಣವಾದರೆ ಅದು ನಾಲ್ಕು ಮನೆಯ ಹಳ್ಳಿ. ಕೇಂದ್ರದವರೆಲ್ಲ ಅದನ್ನು ಕುಳ್ಳಿ ಅನ್ನುತ್ತಿದ್ದರು. ಕುಳ್ಳಿಯ ಒಡಲಲ್ಲಿ ಹೊಸ ನಕ್ಷತ್ರಗಳು ಹುಟ್ಟಿದ್ದವು. ಅವುಗಳ ಉರಿಬೆಳಕು ಸುತ್ತಲಿನ ಅನಿಲದ ಕಣಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆದು, ಆ ಅನಿಲವೆಲ್ಲ ಹೊಳೆಯುತ್ತಿತ್ತು. ಆ ಹೊಳಪನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಗೆರೆಗಳು ಕಾಣುತ್ತವೆ, ಒಂದೊಂದು ಧಾತುವಿಗೆ ತನ್ನದೇ ಗೆರೆಗಳು. ಅವಳಿಗೆ ಬೇಕಾಗಿದ್ದದ್ದು ಆಮ್ಲಜನಕದ ಒಂದು ಸಣಕಲು ಗೆರೆ. ಅದು ಬಲವಾಗಿದ್ದಷ್ಟೂ ಅನಿಲ ಬಿಸಿ. ಅನಿಲ ಬಿಸಿಯಾಗಿಯೇ ಉಳಿದಿದೆ ಎಂದರೆ ಅದರಲ್ಲಿ ಆಮ್ಲಜನಕದಂಥ ಭಾರದ ಧಾತುಗಳು (ಖಗೋಳದವರ ಬಾಯಲ್ಲಿ ಇವೆಲ್ಲ ಲೋಹಗಳೇ) ಕಡಿಮೆ, ಏಕೆಂದರೆ ಶಾಖವನ್ನು ಹೊರಗೆ ಚೆಲ್ಲಿ ತಣಿಸುವವೇ ಅವು. ಉಣ್ಣೆ ತೆಗೆಯದ ಕುರಿ ಬೇಸಿಗೆಯಲ್ಲಿ ಬೇಯುವ ಹಾಗೆ, ಆ ಧಾತುಗಳಿಲ್ಲದ ಅನಿಲ ಬೇಯುತ್ತದೆ. ಕುಳ್ಳಿಯಲ್ಲಿ ಆ ಗೆರೆ ಎಷ್ಟು ಬಲವಾಗಿ ಬಂದಿತ್ತೆಂದರೆ, ಆ ಧಾತುಗಳಲ್ಲಿ ಇಷ್ಟು ಬಡವಾದ ಗೆಲಾಕ್ಸಿಯನ್ನು ಯಾರೂ ಕಂಡಿರಲಿಲ್ಲ. ಜಗತ್ತಿನ ಮೊದಮೊದಲ ನಕ್ಷತ್ರಗಳು ಹುಟ್ಟಿದ ಅನಿಲದ ಹಾಗೆ, ಇನ್ನೂ ಯಾವ ಸತ್ತ ನಕ್ಷತ್ರದ ಬೂದಿಯೂ ಬೀಳದ ಅನಿಲ. ಅವಳು ಲೇಖನ ಬರೆದಳು. ಆ ಲೇಖನ ನಿಂತರೆ ಬೆಟ್ಟದ ಮೇಲಿನ ಕೆಲಸ ಅವಳಿಗೆ ಖಾಯಂ. ಬಿದ್ದರೆ ಈ ವರ್ಷದ ಕೊನೆಗೆ ಗಂಟು ಕಟ್ಟಬೇಕು.

ಲೇಖನವನ್ನು ಪರಿಶೀಲಿಸಲು ಕೂತವನು ದೂರದ ಸಂಸ್ಥೆಯ ಹಿರಿಯ. ಕ್ಷೇತ್ರದಲ್ಲಿ ಅವನಿಗೆ ಕತ್ತರಿ ಅಂತಲೇ ಹೆಸರು. ಅವನ ಕೈಗೆ ಹೋದದ್ದು ಇಡಿಯಾಗಿ ಹೊರಬಂದದ್ದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲರೆದುರು ಅವನು ಕೇಳಿದ್ದ:

"ನಿಮ್ಮ ಕುಳ್ಳಿ ನಮ್ಮ ಕಡೆಗೇ ಓಡಿ ಬರ್ತಾ ಇದಾಳೆ. ಹಾಗೆ ಬರುವಾಗ ಗೆರೆಗಳೆಲ್ಲ ನೀಲಿ ಕಡೆಗೆ ಸರೀತಾವೆ. ಆ ಲೆಕ್ಕದಲ್ಲಿ ನಿಮ್ಮ ಆಮ್ಲಜನಕದ ಗೆರೆ ಎಲ್ಲಿ ಬಂದು ಕೂರುತ್ತೆ? ಮರ್ಕ್ಯುರಿ ದೀಪದ ಗೆರೆ ಮೇಲೆ. ಎತ್ತು ಈದಿದೆ ಅಂತ ನೀವು ಹೇಳಿದ್ರೆ ಕರು ಕಟ್ಟೋಕೆ ನಾವು ಹಗ್ಗ ಹುಡುಕ್ಬೇಕಾ?"

ಮರ್ಕ್ಯುರಿಗೆ, ಅಂದರೆ ಪಾದರಸಕ್ಕೆ, ಬೇರೆ ಗೆರೆಗಳೂ ಇವೆ. ಆದರೆ ಒಂದು ಅವಳ ಹಳೇ ಕ್ಯಾಮೆರಾದಲ್ಲಿ ಬೆಳಕು ಹಿಡಿಯದೆ ಸತ್ತ ಪಟ್ಟಿಯೊಂದರ ಮೇಲೆ ಬೀಳುತ್ತಿತ್ತು, ಇನ್ನೊಂದು ಚಿತ್ರದ ಅಂಚಿನಾಚೆ. ಅವುಗಳಿಂದ ಸಾಕ್ಷಿ ಸಿಗುವಂತಿರಲಿಲ್ಲ. ಮತ್ತೆ ನೋಡೋಣವೆಂದರೆ ಕುಳ್ಳಿ ಈಗ ಸೂರ್ಯನ ಬೆನ್ನಿಗೆ ಸರಿದಿದ್ದಳು, ಮುಂದಿನ ಚಳಿಗಾಲದವರೆಗೆ ಕಾಣಳು.

"ನಮ್ಮ ಕಣಿವೆಯಲ್ಲಿ ಮರ್ಕ್ಯುರಿ ದೀಪ ಉರಿಯೋದಿಲ್ಲ," ಎಂದಿದ್ದಳು ಅವಳು. "ಆ ನಿಯಮ ತರಿಸಿದ್ದೇ ನಾನು."

"ನಿಯಮ ಕೇಳ್ತಿಲ್ಲಮ್ಮ. ಆ ರಾತ್ರಿ ಯಾರೂ ಉರಿಸಲಿಲ್ಲ ಅಂತ ಯಾರನ್ನಾದರೂ ಕೇಳಿದೀರಾ?"

ಕೇಳಿರಲಿಲ್ಲ. ಕಣಿವೆಯಲ್ಲಿ ಕೇಳಬೇಕಾದದ್ದು ಒಬ್ಬನನ್ನೇ. ಅವನ ಜೊತೆ ಅವಳಿಗೆ ಮಾತಿಲ್ಲದೆ ವರ್ಷದ ಮೇಲಾಗಿತ್ತು.

"ಕಾಲು ಬಿಗಿಯಾಗಿ ಹಿಡಿ," ಎಂದ ಅಣ್ಣ. "ಕೇಳು, ಅದೇನು ಕೇಳ್ತೀಯೋ."

"ಕುರಿ ಈಯೋ ಕಾಲದಲ್ಲಿ, ಈ ವರ್ಷ... ಕೊಟ್ಟಿಗೆ ದೀಪ ಹಾಕಿದ್ರಾ?"

ಕತ್ತರಿ ನಿಂತಿತು. ಅತ್ತಿಗೆ ಉಣ್ಣೆಯಿಂದ ಕೈ ತೆಗೆದಳು. ಕೊಟ್ಟಿಗೆಯ ತೆರೆದ ಮೋರೆ ಬೆಟ್ಟದ ಕಡೆಗೇ ಇತ್ತು. ಅದರ ತೊಲೆಯಲ್ಲಿ ತಟ್ಟೆಯಾಕಾರದ ಆ ಹಳೇ ದೀಪ ಧೂಳು ಹಿಡಿದು ನೇತಾಡುತ್ತಿತ್ತು.

"ಎರಡನೇ ಸಲ ಉರಿಸಿ ಸಿಕ್ಕಿದ್ರೆ ಕೊಟ್ಟಿಗೆಗೆ ಬರೋ ಕರೆಂಟು ಕಿತ್ತುಹಾಕ್ತೀವಿ ಅಂತ ತಾನೇ ನಿಮ್ಮೋರು ಹೇಳಿದ್ದು?" ಎಂದ ಅಣ್ಣ. "ಕರೆಂಟು ಹೋದ್ರೆ ಪಂಪು ಹೋಯ್ತು. ಪಂಪು ಹೋದ್ರೆ ಇಷ್ಟೂ ಬಾಯಿಗೆ ನೀರು ನಾನು ಹೊರಬೇಕು. ಅದನ್ನ ತಿಳ್ಕೊಂಡೇ ಕೇಳೋಕೆ ಬಂದಿದೀಯ."

"ನಾನು ಅದಕ್ಕೆ ಬಂದಿಲ್ಲ. ನನ್ನ ಕೆಲಸದ ಪ್ರಶ್ನೆ."

"ನಿನಗೆ ಯಾವ ಉತ್ತರ ಬೇಕು? ಹೇಳು, ಅದನ್ನೇ ಕೊಡ್ತೀನಿ. ತಂಗಿ ಕೇಳಿದ್ಲು ಅಂತ ಇಲ್ಲ ಅನ್ನಲ್ಲ."

"ನನಗೆ ಉರಿಸಿಲ್ಲ ಅಂತ ಬೇಕು," ಎಂದಳು ಅವಳು. ಬಾಯಿಗೆ ಬಂದದ್ದು ಸತ್ಯವೇ. "ಆದರೆ ನಿಜ ಹೇಳು."

"ಉರಿಸಿಲ್ಲ. ಆಯ್ತಲ್ಲ? ಇನ್ನು ಹೊರಡು."

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೋಗಿಬಿಡಬಹುದಿತ್ತು. ಆದರೆ ಕೈಯಲ್ಲಿ ಅರ್ಧ ಬೋಳಾದ ಕುರಿ ಇತ್ತು. ಅರ್ಧ ಕತ್ತರಿಸಿದ ಕುರಿಯನ್ನು ಬಿಟ್ಟು ಹೋಗುವುದು ಆ ಮನೆಯಲ್ಲಿ ಹುಟ್ಟಿದವರಿಂದ ಆಗುವ ಕೆಲಸವಲ್ಲ. ಅದು ಮುಗಿಯಿತು. ಅಣ್ಣ ಬಾಯಿ ತಪ್ಪಿ, "ಆ ಕಪ್ಪುಗಿವೀದನ್ನ ತಾ," ಎಂದ.

"ಅದು ಬೇಡ," ಎಂದಳು ಅತ್ತಿಗೆ ತಟ್ಟನೆ. "ಅದು ಆಮೇಲೆ ಆಗಲಿ."

ಅಷ್ಟು ಹೊತ್ತಿಗೆ ತಂಗಿ ಅದನ್ನು ಹಿಡಿದಾಗಿತ್ತು. ಹೆಂಡತಿಯ ಮಾತಿನ ಅರ್ಥ ಅಣ್ಣನಿಗೆ ಹೊಳೆಯಿತು. ಆದರೆ ಈಗ ಬೇಡವೆಂದರೆ ಬೇಡವೆಂದದ್ದಕ್ಕೇ ಕಾರಣ ಕೇಳುತ್ತಾಳೆ. ಅವನು ಹಲ್ಲು ಕಚ್ಚಿ ಕತ್ತರಿ ಹಾಕಿದ. ಬೆನ್ನಿನಿಂದ ಇಳಿಬಿದ್ದ ಉದ್ದ ಉಣ್ಣೆ ಪಕ್ಕೆಯನ್ನು ಮುಚ್ಚಿತ್ತು. ಅದು ಸರಿಯುತ್ತಿದ್ದಂತೆ ಎಡಪಕ್ಕೆಯಲ್ಲಿ ಒಂದು ಅಂಗೈಯಗಲ ಉಣ್ಣೆ ಮೋಟಾಗಿ, ಹೊಸದಾಗಿ ಬೆಳೆದದ್ದು ಕಂಡಿತು. ಅದನ್ನೂ ತೆಗೆದಾಗ ಕೆಳಗೆ ಗಾಯದ ಗುರುತು. ಮೇಲಿನಿಂದ ಕೆಳಕ್ಕೆ, ಚೀಲದ ಬಾಯಿ ಹೊಲಿದಷ್ಟು ನೆಟ್ಟಗೆ. ಎರಡೂ ಕಡೆ ಸಮಸಮನಾಗಿ ಸೂಜಿ ಹೋದ ಚುಕ್ಕೆಗಳು.

ತಂಗಿ ಆ ಗುರುತಿನ ಮೇಲೆ ಬೆರಳು ಎಳೆದಳು.

"ಹೊಟ್ಟೆ ಕುಯ್ದು ಮರಿ ತೆಗೆದದ್ದು," ಎಂದಳು. "ಪಶುವೈದ್ಯೆ ಬಂದಿದ್ರಾ?"

ಅಣ್ಣ ಕತ್ತರಿಯ ಅಲಗಿಗೆ ಅಂಟಿದ್ದ ಉಣ್ಣೆಯನ್ನು ಬೆರಳಿನಿಂದ ತೆಗೆದ.

"ಈ ಹೊಲಿಗೆ ಟಾರ್ಚಿನ ಬೆಳಕಲ್ಲಿ ಹಾಕಿದ್ದಲ್ಲ," ಎಂದಳು ತಂಗಿ.

"ಅಲ್ಲ," ಎಂದಳು ಅತ್ತಿಗೆ. ಮುಚ್ಚಿಡುವುದು ಅವಳಿಗೆ ಸಾಕಾಗಿತ್ತೋ, ಈ ನಾದಿನಿಯೇ ಸಾಕಾಗಿತ್ತೋ. "ದೀಪ ಹಾಕದಿದ್ರೆ ಚಾಕು ಮುಟ್ಟಲ್ಲ ಅಂದ್ರು ಪಶುವೈದ್ಯೆ. ಹಾಕಿದೆ. ಇವರಲ್ಲ, ನಾನು ಹಾಕಿದ್ದು. ಹೋದ ವರ್ಷದ ಹಾಗೆ ಇನ್ನೊಂದನ್ನ ಹೂಳೋಕೆ ನನಗೆ ಮನಸ್ಸಿರಲಿಲ್ಲ."

"ಯಾವತ್ತು?"

"ಯಾವತ್ತು ಅಂದ್ರೆ? ಅದರ ಹಿಂದೆ ವಾರಗಟ್ಟಲೆ ಮೋಡ, ಮಾರನೇ ದಿನದಿಂದ ಮತ್ತೆ ಮೋಡ. ನಡುವೆ ಒಂದೇ ರಾತ್ರಿ ಆಕಾಶ ಬಿಟ್ಟಿತ್ತಲ್ಲ, ತೆಳ್ಳಗೆ ಮಂಜಿತ್ತು. ಮೇಲೆ ನಿಮ್ಮ ಗುಮ್ಮಟ ಬಾಯಿ ತೆರ್ಕೊಂಡಿತ್ತು. ಇವತ್ತೇ ತೆರೀಬೇಕಿತ್ತಾ ಇದು ಅಂತ ಶಾಪ ಹಾಕಿದ್ದು ನೆನಪಿದೆ."

ಕುಳ್ಳಿ ಕಂಡದ್ದು ಆ ಒಂದು ರಾತ್ರಿಯೇ.

ತಂಗಿ ಕುರಿಯನ್ನು ಬಿಡಲಿಲ್ಲ. "ಎಷ್ಟು ಹೊತ್ತು ಉರೀತು?"

"ಹೊಲಿಗೆ ಮುಗಿಯೋವರೆಗೆ. ಮುಗಿದ ಕೂಡಲೇ ಆರಿಸಿದೆ. ರಕ್ತ ತೊಳೆದದ್ದು ಕತ್ತಲಲ್ಲೇ. ನಿನ್ನ ಫೋನು ಬರುತ್ತೆ ಅಂತ ಹೆದರಿಕೊಂಡು."

ಆಗ ತಂಗಿ ನಕ್ಕಳು. ಕುಳ್ಳಿ ಹರಡಿಕೊಂಡಿರುವ ಗೆಲಾಕ್ಸಿ. ಅವಳ ಚಿತ್ರದಲ್ಲೇ ಪಕ್ಕಕ್ಕೆ ಬರಿಯ ಆಕಾಶ ಸಿಗುವುದಿಲ್ಲ. ಅದಕ್ಕೆ ಮೊದಲು ಅವಳನ್ನು ನೋಡಿ, ಆಮೇಲೆ ದೂರದರ್ಶಕವನ್ನು ಪಕ್ಕಕ್ಕೆ ತಿರುಗಿಸಿ ಖಾಲಿ ಆಕಾಶವನ್ನು ಅಷ್ಟೇ ಹೊತ್ತು ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತಾರೆ. ನೆಲದ ಬೆಳಕು ಎರಡರಲ್ಲೂ ಇದ್ದರೆ ಕಳೆದುಹೋಗುತ್ತದೆ. ಕುಳ್ಳಿಯನ್ನು ನೋಡುವಾಗ ದೀಪ ಉರಿದಿತ್ತು. ಖಾಲಿ ಆಕಾಶ ನೋಡುವಾಗ ಆರಿತ್ತು. ಅತ್ತಿಗೆ ಹೆದರದೆ ಬೆಳಗಿನವರೆಗೆ ದೀಪ ಬಿಟ್ಟಿದ್ದರೆ ಆ ಸುಳ್ಳು ಗೆರೆ ಹುಟ್ಟುತ್ತಲೇ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇವಳು ತನ್ನ ಮನೆಯ ಕೊಟ್ಟಿಗೆಯ ಬೆಳಕನ್ನು ಜಗತ್ತಿನ ಮೊದಲ ಬೆಂಕಿ ಅಂದುಕೊಂಡಿದ್ದಳು.

"ನಗು ಬರುತ್ತಾ ನಿನಗೆ?" ಅಣ್ಣ ಎದ್ದು ನಿಂತ. ಕಪ್ಪುಗಿವಿಯ ಕುರಿ ಅರ್ಧ ಅಂಗಿ ಕಳಚಿದಂತೆ ಉಣ್ಣೆ ಎಳೆದುಕೊಂಡು ಓಡಿತು. "ಹೋದ ವರ್ಷ ಗಂಟೆಕುರಿ ನೋವು ತಿಂತಾ ಬಿದ್ದಿತ್ತು. ಮರಿ ಅಡ್ಡ ಸಿಕ್ಕಿತ್ತು. ದೀಪ ಹಾಕಿದೆ. ನಾನು ಕೈ ಒಳಗೆ ಹಾಕೋ ಹೊತ್ತಿಗೆ ಮೇಲಿಂದ ನಿನ್ನ ಫೋನು. 'ಆರಿಸು' ಅಂದೆ. ಯಾಕೆ ಉರಿಸಿದೀಯ ಅಂತ ಕೇಳಿದ್ಯಾ?"

"ಇಲ್ಲ."

"ಕೇಳಲಿಲ್ಲ. ಆರಿಸು ಅಂತ ಒಂದು ಮಾತು, ಟಕ್ ಅಂತ ಇಟ್ಟೆ. ನನ್ನ ತಂಗಿ, ಓದಿದೋಳು, ಏನೋ ದೊಡ್ಡದು ನೋಡ್ತಿರ್ತಾಳೆ ಅಂತ ಆರಿಸಿದೆ. ಬಾಯಲ್ಲಿ ಟಾರ್ಚು ಕಚ್ಕೊಂಡು ತಡಕಾಡಿದೆ. ತಾಯೀನೂ ಹೋಯ್ತು, ಮರೀನೂ ಹೋಯ್ತು. ಅಮ್ಮ ಕೈಯಾರೆ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕುರಿ. ಮಂದೇನೆಲ್ಲ ಅದೇ ನಡೆಸ್ತಿತ್ತು. ಒಂದು ಕುರಿ ಬರಬೇಕು ನನಗೆ ನಿನ್ನಿಂದ."

"ಗೊತ್ತು."

"ಏನು ಗೊತ್ತು? ನಿಯಮ ತರೋವಾಗ ಊರ ಸಭೇಲಿ ನಿಂತು 'ಈ ಕಣಿವೆಯ ಒಂದು ದೀಪ ಒಂದು ಗೆಲಾಕ್ಸೀನ ಅಳಿಸಿಬಿಡುತ್ತೆ' ಅಂದೆ. ಎಲ್ಲ ಚಪ್ಪಾಳೆ ತಟ್ಟಿದ್ರು. ತಟ್ಟದೆ ಏನು? ಅವರ ಮನೆಗಳೆಲ್ಲ ಆಚೆ ಮಗ್ಗುಲು. ದೀಪ ಇದ್ದದ್ದು ನನ್ನದೊಂದೇ."

ಅವಳು ಉಣ್ಣೆಯ ಜಿಡ್ಡು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಅಣ್ಣ ಒಂದು ಹೆಜ್ಜೆ ಹತ್ತಿರ ಬಂದ. ಧ್ವನಿ ತಗ್ಗಿಸಿದ. ಅದು ಕೂಗಿಗಿಂತ ಕೆಟ್ಟದಾಗಿತ್ತು.

"ಈಗ ಕೇಳು. ನಾನು ಉರಿಸಿಲ್ಲ. ನೀನು ಈ ಗಾಯ ನೋಡಿಲ್ಲ. ಕತ್ತರಿಸಿದ ಉಣ್ಣೆ ಇನ್ನೊಂದು ತಿಂಗಳಿಗೆ ಬೆಳ್ಕೊಳ್ಳುತ್ತೆ. ನಿನ್ನ ಕೆಲಸ ನಿನಗೆ, ನನ್ನ ಪಂಪು ನನಗೆ. ಯಾರಪ್ಪನ ಗಂಟೂ ಹೋಗಲ್ಲ."

ಆ ಮಾತು ಅವಳಿಗೆ ಬೇಕೆನಿಸಲಿಲ್ಲ ಎಂದರೆ ಸುಳ್ಳಾದೀತು. ಲೇಖನ ನೋಡುವ ಆ ಕತ್ತರಿಗೆ ಎರಡು ಸಾಲು ಬರೆದರೆ ಮುಗಿಯಿತು: ಕೇಳಿದೆ, ಉರಿಸಿಲ್ಲವಂತೆ. ಅದು ಸುಳ್ಳೂ ಅಲ್ಲ. ಅಣ್ಣ ಹಾಗೇ ಹೇಳಿದ್ದ. ಆದರೆ ಮುಂದಿನ ಚಳಿಗಾಲ ಕುಳ್ಳಿ ಸೂರ್ಯನ ಬೆನ್ನಿನಿಂದ ಈಚೆ ಬರುತ್ತಾಳೆ. ಯಾರಾದರೂ ನೋಡೇ ನೋಡುತ್ತಾರೆ. ಯಾರೂ ನೋಡದಿದ್ದರೂ, ಪ್ರತಿ ಸಲ ಆ ಗೆರೆಯ ಚಿತ್ರ ತೆರೆದಾಗ ಅವಳ ಕಣ್ಣಿಗೆ ಬೀಳುವುದು ಕುರಿಯ ಪಕ್ಕೆಯ ಹೊಲಿಗೆ.

"ಆಗಲ್ಲ ಅಣ್ಣ. ಅದು ನಿನ್ನ ದೀಪ, ಕುಳ್ಳಿ ಅಲ್ಲ. ಲೇಖನ ವಾಪಸು ತಗೋತೀನಿ. ಕಣಿವೆ ಬೆಳಕು ಅಂತ ಮಾತ್ರ ಬರೀತೀನಿ, ನಿನ್ನ ಹೆಸರು ಬರೆಯಲ್ಲ."

"ಕಣಿವೇಲಿ ಇನ್ನ್ಯಾರ ಕೊಟ್ಟಿಗೆ ಇದೆಯಮ್ಮ? ಹೆಸರು ಬೇರೆ ಬರೀಬೇಕಾ?" ಅವನು ಕತ್ತರಿಯನ್ನು ಗೋಣಿಯ ಮೇಲೆ ಎಸೆದ. "ಕತ್ತಲಲ್ಲಿ ಒಂದು ಕೊಂದೆ. ಬೆಳಕಲ್ಲಿ ಉಳಿದದ್ದಕ್ಕೆ ನೀರು ನಿಲ್ಲಿಸ್ತೀಯ. ಹೋಗು. ಕೆಲಸ ಇದೆ."

ಅವಳು ಗೂಟದಿಂದ ಚೀಲ ತೆಗೆದುಕೊಂಡಳು. ಗೇಟು ಹಾಕುವಾಗ ಅತ್ತಿಗೆ ಬೆನ್ನಿಗೇ ಎಂದಳು: "ಅಲ್ಲ, ಉಸಿರಾಡೋ ಆಮ್ಲಜನಕಾನೂ ಲೋಹ ಅಂತೀರಂತಲ್ಲ ನೀವು ಮೇಲಿನೋರು. ಹಾಗಿದ್ಮೇಲೆ ನಮ್ಮ ದೀಪಾನ ಗೆಲಾಕ್ಸಿ ಅಂದದ್ದರಲ್ಲಿ ಆಶ್ಚರ್ಯ ಏನಿದೆ?"

ಮೇಲೆ ಹೋಗಿ ಅವಳು ಲೇಖನ ಹಿಂತೆಗೆದುಕೊಂಡಳು. ಕತ್ತರಿಯಿಂದ ಬಂದದ್ದು ಒಂದೇ ಮಾತು: "ಸಂತೋಷ." ಕೇಂದ್ರದ ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಖಾಯಂ ಕೆಲಸದ ಮಾತನ್ನು ಮುಂದಿನ ಚಳಿಗಾಲಕ್ಕೆ ನೋಡೋಣ ಎಂದರು. ನೋಡೋಣ ಅಂದರೆ ನೋಡುವುದಿಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ಆಮೇಲೆ ಅವರು ಕೊಟ್ಟಿಗೆಯ ಕರೆಂಟಿನ ಮಾತೆತ್ತಿದರು.

"ಕಿತ್ತರೆ ನನ್ನ ರಾಜೀನಾಮೆಯನ್ನೂ ಅದೇ ಕೈಲಿ ತಗೊಳ್ಳಿ," ಎಂದಳು. "ನಿಯಮ ತರುವಾಗ ಕತ್ತಲೆ ಬೇಕು ಅಂದೆ. ಆ ದೀಪ ಏನಕ್ಕೆ, ಬದಲಿಗೆ ಏನು ಅಂತ ಕೇಳಲೇ ಇಲ್ಲ. ಸೋಡಿಯಂನ ಹಳದಿ ದೀಪಕ್ಕೆ ನನ್ನ ಗೆರೆಯ ಹತ್ತಿರ ಬೆಳಕೇ ಇಲ್ಲ. ಅದು ನನಗೆ ಆವತ್ತೂ ಗೊತ್ತಿತ್ತು. ಹೇಳೋಕೆ ಇಲ್ಲಿಂದ ಕೆಳಗೆ ಇಳೀಲಿಲ್ಲ."

ಅವರು ಕನ್ನಡಕ ಎತ್ತಿ ಮತ್ತೆ ಹಾಕಿಕೊಂಡರು. ಕರೆಂಟು ಉಳಿಯಿತು. ಅವರ ಪ್ರೀತಿ ಹೋಯಿತು.

ಅವಳು ಹಳದಿ ದೀಪ, ಅದಕ್ಕೆ ಬೆಳಕು ಮೇಲಕ್ಕೆ ಸೂಸದಂತೆ ಒಂದು ತಗಡಿನ ಮುಸುಕು ಹಿಡಿದುಕೊಂಡು ಮತ್ತೆ ಇಳಿದ ಹೊತ್ತಿಗೆ ಉಣ್ಣೆ ತೆಗೆಯುವ ಕೆಲಸ ಮುಗಿದಿತ್ತು. ಬೋಳು ಕುರಿಗಳು ಒಂದನ್ನೊಂದು ಗುರುತು ಹಿಡಿಯಲಾಗದೆ ಮೂಸುತ್ತ ತಿರುಗುತ್ತಿದ್ದವು. ಅಣ್ಣ ಉಣ್ಣೆಯನ್ನು ಚೀಲಕ್ಕೆ ತುಳಿದು ತುಂಬುತ್ತಿದ್ದ, ಸೊಂಟದವರೆಗೆ ಚೀಲದೊಳಗೆ.

"ಏನದು?"

"ದೀಪ. ಇದನ್ನ ಬೆಳಗಿನವರೆಗೆ ಉರಿಸಬಹುದು. ನಾನು ಫೋನು ಮಾಡಲ್ಲ."

ಅವನು ಚೀಲದಿಂದ ಹೊರಬಂದು, ದೀಪವನ್ನು ತಿರುಗಿಸಿ ನೋಡಿ, ಏಣಿ ತಂದ. "ಹಿಡ್ಕೋ," ಎಂದ. ಅವಳು ಏಣಿ ಹಿಡಿದಳು. ತೊಲೆಯ ಮೊಳೆಯಲ್ಲಿ ಗಂಟೆಕುರಿಯ ಗಂಟೆ ನೇತುಹಾಕಿತ್ತು. ಇನ್ನೂ ಯಾವ ಕುರಿಯ ಕೊರಳಿಗೂ ಕಟ್ಟಿರಲಿಲ್ಲ. ಏಣಿ ಅಲುಗಿದಾಗಲೆಲ್ಲ ಅದು ಅವಳ ನೆತ್ತಿಗೆ ಬಡಿಯುತ್ತಿತ್ತು. ಅವಳು ತಲೆ ಸರಿಸಿಕೊಳ್ಳಲಿಲ್ಲ. ಸರಿಸಿಕೊಂಡರೆ ಏಣಿ ಜಾರುತ್ತಿತ್ತು.

ಹಳೇ ದೀಪ ಕೆಳಗಿಳಿಯಿತು, ಹೊಸದು ಮೇಲೇರಿತು. ಅತ್ತಿಗೆ ಗುಂಡಿ ಒತ್ತಿದಳು. ಮೊದಲು ಕೆಂಪಗೆ ಮಿಣುಕಿ, ನಿಧಾನವಾಗಿ ಹಳದಿಯಾಗಿ, ಹಗಲಿನಲ್ಲೇ ಬೆಳಕು ಕೊಟ್ಟಿಗೆಯ ಒಳಮೂಲೆಗಳವರೆಗೆ ತುಂಬಿತು.

"ಕಾಮಾಲೆ ಹಿಡಿದ ಹಾಗಿದೆ," ಎಂದ ಅಣ್ಣ ಏಣಿಯ ಮೇಲಿಂದಲೇ. "ಮರಿ ಹಳದೀನೋ ಬಿಳೀನೋ ಗೊತ್ತಾಗಲ್ಲ. ರಕ್ತಾನೂ ಕಪ್ಪಾಗೇ ಕಾಣುತ್ತೆ ಇದರಲ್ಲಿ."

"ಹೌದು. ಕಪ್ಪಾಗೇ ಕಾಣುತ್ತೆ. ಆದ್ರೆ ಹೊಲಿಗೆ ಹಾಕಬಹುದು."

ಅವನು ಇಳಿದು ಬಂದು ಏಣಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಹಳೇ ದೀಪವನ್ನು ಎತ್ತಿ ಅವಳ ಚೀಲದೊಳಗೆ ತಾನೇ ಇಟ್ಟ. "ತಗೊಂಡು ಹೋಗು. ನಿನ್ನ ಗೆಲಾಕ್ಸಿ."

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಗೇಟಿನವರೆಗೆ ಹೋದವಳು ನಿಂತು, "ಅಣ್ಣ, ಕುರಿ—" ಎಂದಳು.

"ದೀಪಕ್ಕೆ ದೀಪ ಆಯ್ತು," ಎಂದ ಅವನು, ಮತ್ತೆ ಉಣ್ಣೆಯ ಚೀಲಕ್ಕೆ ಇಳಿಯುತ್ತ. "ಕುರಿ ಬಾಕಿ ಇದೆ. ಸಂತೆಯಿಂದ ಒಂದನ್ನ ಹೊಡ್ಕೊಂಡು ಬಂದು ಕಟ್ಟಿ ತೀರಿತು ಅಂದ್ಕೋಬೇಡ. ಅಂಥದ್ದು ಸಂತೇಲಿ ಸಿಗಲ್ಲ."

"ಗೊತ್ತು. ಬಾಕಿ ಇದೆ," ಎಂದಳು ಅವಳು.

ಅವನು ಉಣ್ಣೆ ತುಳಿಯತೊಡಗಿದ. ಅವಳು ಗೇಟು ಹಾಕಿ, ಕುರಿ ದಾಟದಂತೆ ಅಗುಳಿ ಬಿದ್ದಿದೆಯೇ ಎಂದು ಅಲುಗಿಸಿ ನೋಡಿ, ಬೆಟ್ಟ ಹತ್ತಿದಳು.